ಚಪ್ಪಟೆಮೂತಿ

ನಲ್ಲಿಯ ನೀರು ಕೆಂಪಾಗಿ ಹರಿಯುವುದು ನಿಂತ ಮೇಲೆ ಅವಳಿಗೆ ಗಾಯ ಸರಿಯಾಗಿ ಕಂಡಿತು. ಗಂಡನ ಬಲಗೈ ಹೆಬ್ಬೆರಳಿನ ಪಕ್ಕದಿಂದ ಮಣಿಕಟ್ಟಿನವರೆಗೆ ಒಂದೇ ಗೆರೆ. ಸಣ್ಣಗಿತ್ತು, ಆದರೆ ಆಳವಾಗಿತ್ತು. ತಂತಿ ಚುಚ್ಚಿದರೆ ತೂತಾಗುತ್ತದೆ, ತಗಡು ತಾಗಿದರೆ ಚರ್ಮದ ಅಂಚು ಹರಿದಿರುತ್ತದೆ. ಹೀಗೆ ನೇರವಾಗಿ, ಅಚ್ಚುಕಟ್ಟಾಗಿ ಸೀಳುವುದು ಯಾವುದೆಂದು ಅವಳಿಗೆ ಗೊತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅವಳ ಬದುಕು ಅದರ ಜೊತೆಗೇ.

"ಕೇಬಲ್ ಟೈ ತಾನೇ?" ಎಂದಳು.

"ಹೂಂ."

"ಗ್ಲೌಸ್ ಹಾಕ್ಕೊಂಡಿರ್ಲಿಲ್ವಾ?"

"ಮೊದ್ಲು ಒಂದು ಬಟ್ಟೆ ಕೊಡು ಮಾರಾಯ್ತಿ, ವಿಚಾರಣೆ ಆಮೇಲೆ ಮಾಡು."

ಅವನು ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳ ನೆತ್ತಿಯಲ್ಲಿರುವ ಪುಟ್ಟ ಕೋಣೆಗಳಲ್ಲಿ, ಲಿಫ್ಟ್ ನಡೆಸುವ ಆಳೆತ್ತರದ ಕಬ್ಬಿಣದ ಪೆಟ್ಟಿಗೆಗಳೊಳಗೆ ಕೈ ತೂರಿಸಿ ಕೆಟ್ಟದ್ದನ್ನು ಹುಡುಕುವುದು ಅವನ ಕೆಲಸ. ಅಂಥ ಪೆಟ್ಟಿಗೆಗಳೊಳಗೆ ತಂತಿ ಜೋಡಿಸುವುದು ಅವಳ ಕೆಲಸ. ಮದುವೆಯಾದ ಹೊಸದರಲ್ಲಿ ಅವನು, "ನೀನು ಕಟ್ಟು, ನಾನು ಬಿಚ್ಚುತೀನಿ, ಇಬ್ಬರ ಹೊಟ್ಟೆನೂ ತುಂಬುತ್ತೆ" ಎಂದು ಎಲ್ಲರೆದುರು ಹೇಳಿ ನಗಿಸುತ್ತಿದ್ದ. ಈಗ ಇಬ್ಬರೂ ಮನೆಗೆ ಬರುವಷ್ಟರಲ್ಲಿ ನಗುವುದಕ್ಕೆ ಬೇಕಾದ ಶಕ್ತಿ ದಾರಿಯಲ್ಲೇ ಖರ್ಚಾಗಿರುತ್ತಿತ್ತು.

ಅತ್ತೆ ಬಾಗಿಲ ಬಳಿಯ ಸ್ಟೂಲಿನಿಂದ ಎದ್ದು ಬಂದು ಮಗನ ಕೈ ನೋಡಿದರು. ನೋಡಿದ್ದೇ ತಡ, ಎದೆ ಬಡಿದುಕೊಂಡರು.

"ಅಯ್ಯೋ, ಏನಾಗಿದೆ ನೋಡು ನನ್ನ ಮಗನ ಕೈ! ಆ ಪೆಟ್ಟಿಗೆ ಮಾಡಿದವರ ಕೈ ಸೇದಿಹೋಗ!"

"ಅಮ್ಮಾ!" ಎಂದು ಅವನು ಕೂಗಿದ. ಪಕ್ಕದ ಮನೆಯ ಟಿ.ವಿ.ಯ ಸದ್ದು ಕೂಡ ಒಂದು ಗಳಿಗೆ ಅಡಗಿತು. "ಯಾರಿಗೂ ಶಾಪ ಹಾಕ್ಬೇಡ. ಸುಮ್ನೆ ಒಳಗೆ ಹೋಗು."

"ನಾನೇನು ನಿನಗೆ ಹಾಕಿದ್ನೇನೋ? ಅದ್ಯಾಕೆ ನನ್ನ ಮೇಲೆ ಹರಿಹಾಯ್ತೀಯ?" ಎಂದು ಗೊಣಗುತ್ತ ಅವರು ಒಳಗೆ ಹೋದರು.

ಅವಳು ಬಟ್ಟೆ ಸುತ್ತುತ್ತ ತಲೆಯೆತ್ತದೆ ಕೇಳಿದಳು: "ಯಾವ ಕಟ್ಟಡ?"

"ದಿನಾ ಎಷ್ಟೋ ಹತ್ತಿ ಇಳೀತೀನಿ. ಯಾವುದೋ ಒಂದು."

ಯಾವುದೋ ಒಂದು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಾರ್ಖಾನೆಯಲ್ಲಿ ತಂತಿ ಜೋಡಿಸುವವರ ಮೇಜುಗಳು ನಾಲ್ಕಿವೆ. ಊರಲ್ಲಿ ಬೇರೆ ಕಾರ್ಖಾನೆಗಳೂ ಇವೆ. ಆ ಪೆಟ್ಟಿಗೆ ಯಾರದ್ದಾದರೂ ಆಗಿರಬಹುದು. ಹಾಗೆಂದು ಹೇಳಿಕೊಳ್ಳುತ್ತಲೇ ಅವಳು ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿದಳು.

ಆ ಪೆಟ್ಟಿಗೆಗಳೊಳಗೆ ನೂರಾರು ತಂತಿಗಳಿರುತ್ತವೆ. ಅವನ್ನು ಜಡೆಯ ಹಾಗೆ ಒಟ್ಟು ಮಾಡಿ, ಗೇಣಿಗೊಂದರಂತೆ ಪ್ಲಾಸ್ಟಿಕ್ ಪಟ್ಟಿಯ ಕೇಬಲ್ ಟೈ ಸುತ್ತಿ, ತಲೆಯ ತೂತಿನಲ್ಲಿ ತೂರಿಸಿ ಬಿಗಿದು, ಉಳಿದ ಬಾಲವನ್ನು ಕತ್ತರಿಸಬೇಕು. ಮಾಮೂಲಿ ಕಟರಿನಿಂದ ಕತ್ತರಿಸಿದರೆ ಟೈಯ ತಲೆಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಓರೆ ತುಂಡು ಉಳಿಯುತ್ತದೆ. ನೋಡಿದರೆ ಪಾಪದ್ದು, ತಾಗಿದರೆ ಬ್ಲೇಡು. ಅದಕ್ಕೆಂದೇ ಬೇರೆ ಕಟರ್ ಇದೆ. ಅದರ ಬಾಯಿ ಒಂದು ಕಡೆ ಪೂರ್ತಿ ಚಪ್ಪಟೆ. ಟೈಯ ತಲೆಗೆ ಅಂಟಿಸಿ ಹಿಡಿದು ಅದುಮಿದರೆ ಬಾಲ ಬುಡಸಮೇತ ಹೋಗುತ್ತದೆ, ಮೇಲೆ ಬೆರಳಾಡಿಸಿದರೂ ಏನೂ ತಗಲುವುದಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಚಪ್ಪಟೆಮೂತಿ ಎನ್ನುತ್ತಿದ್ದರು. ಅವಳ ಚಪ್ಪಟೆಮೂತಿಯ ಹಿಡಿಗೆ ಅವಳೇ ಬಟ್ಟೆ ಸುತ್ತಿಕೊಂಡಿದ್ದಳು. ಗಂಡನಿಗಿಂತ ಅದೇ ಅವಳ ಮಾತು ಹೆಚ್ಚು ಕೇಳುತ್ತದೆ ಎಂದು ಪಕ್ಕದ ಮೇಜಿನವಳು ರೇಗಿಸುತ್ತಿದ್ದಳು.

ಮಳೆಗಾಲದ ಮೊದಲು ಒಂದು ದಿನ ಅದರ ಬಾಯಿ ಮುರಿಯಿತು. ಹೊಸದನ್ನು ಕೇಳಲು ಹೋದರೆ ಉಗ್ರಾಣದವರು "ನಾಳೆ" ಎಂದರು. ಅವರಿಗೆ ನಾಳೆರಾಯರೆಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಅಲ್ಲಿಯವರೆಗೆ ಮಾಮೂಲಿ ಕಟರಿನಲ್ಲೇ ಸುಧಾರಿಸಿಕೊಳ್ಳಿ ಎಂದು ಸೂಪರ್‌ವೈಸರ್ ಹೇಳಿದ. ಮೊದಮೊದಲು ಅವಳು ಪ್ರತಿ ಓರೆ ತುದಿಯನ್ನೂ ಮರಳುಕಾಗದದಿಂದ ಉಜ್ಜಿ ನಯ ಮಾಡಿದಳು. ಆಮೇಲೆ ಕಣ್ಣಿಗೆ ಬೀಳುವಂಥವನ್ನು ಮಾತ್ರ ಉಜ್ಜಿದಳು. ಆಮೇಲೆ ಒಂದು ದೊಡ್ಡ ಆರ್ಡರ್ ಬಂತು. ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು "ಆಯ್ತಾ? ಆಯ್ತಾ?" ಎನ್ನತೊಡಗಿದ. ಭುಜ ಕಿತ್ತುಹೋಗುವಷ್ಟು ನೋಯುತ್ತಿತ್ತು. ಮರಳುಕಾಗದ ಡ್ರಾಯರಿನಲ್ಲೇ ಉಳಿಯಿತು. ಯಾರೂ ಏನೂ ಅನ್ನಲಿಲ್ಲ. ಯಾರಾದರೂ ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅವಳಿಗೆ ಅನ್ನಿಸಿತು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಅವನ ಹೆಬ್ಬೆರಳಿಗೆ ಸೂಜಿಯ ಮೊನೆ ತಾಗಿಸಿ, "ಗೊತ್ತಾಗುತ್ತಾ?" ಎಂದು ಕೇಳಿದರು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. "ಏನು ಗೊತ್ತಾಗುತ್ತಾ?" ಎಂದ. ಡಾಕ್ಟರು ಸೂಜಿ ಕೆಳಗಿಟ್ಟರು.

"ಬೆರಳು ಆಡುತ್ತೆ, ಕೆಲಸಕ್ಕೇನೂ ತೊಂದರೆ ಇಲ್ಲ. ಆದರೆ ಸ್ಪರ್ಶದ ನರಕ್ಕೆ ಪೆಟ್ಟಾಗಿದೆ. ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು."

ಬೆಳಕು ತಲುಪದ ಮೂಲೆಗಳಲ್ಲಿ ಸ್ಕ್ರೂಗಳನ್ನು ಅವನು ಹುಡುಕುತ್ತಿದ್ದುದು ಅದೇ ಬೆರಳಿನಿಂದ. ಕಣ್ಣಿಗೆ ಕಾಣದ್ದು ಹೆಬ್ಬೆರಳಿಗೆ ಕಾಣುತ್ತದೆ ಎನ್ನುತ್ತಿದ್ದ. ಡಾಕ್ಟರಿಗೆ ಅದನ್ನೆಲ್ಲ ಅವನು ಹೇಳಲಿಲ್ಲ. ತಲೆಯಾಡಿಸಿ ಚಪ್ಪಲಿ ಹಾಕಿಕೊಂಡ.

ಮನೆಯಲ್ಲಿ ಅವಳು ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅನ್ನ ಕಲಸಿ ಚಮಚ ಇಡುತ್ತಿದ್ದಳು. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಒಂದು ಸಂಜೆ ಬಾಯಿ ಬಿಟ್ಟೇಬಿಡಬೇಕೆಂದು ಅವನ ಪಕ್ಕ ಕುಳಿತಳು.

"ರೀ, ಒಂದು ಮಾತು ಹೇಳ್ಬೇಕಿತ್ತು."

"ಈಗ ಬೇಡ ಕಣೇ. ಸುಸ್ತಾಗಿದೆ."

ಅವಳಿಗೂ ಸುಸ್ತಾಗಿತ್ತು. ಹೇಳದಿರುವುದಕ್ಕೆ ಅಷ್ಟು ಸಾಕಾಯಿತು. ತಾನೂ ಒಬ್ಬ ನಾಳೆರಾಯನಾದೆನಲ್ಲ ಎಂದು ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಆ ವಾರ ಅವನ ಜೊತೆ ಕೆಲಸ ಮಾಡುವ ಉದ್ದಣ್ಣ, ಕಟ್ಟಡದಲ್ಲೇ ಉಳಿದಿದ್ದ ಸಲಕರಣೆಯ ಚೀಲ ಕೊಡಲು ಬಂದ. ಬಾಗಿಲಿಗೆ ಹಣೆ ಬಡಿಸಿಕೊಳ್ಳದೆ ಯಾರ ಮನೆಗೂ ಹೋಗಲಾರದ ಮನುಷ್ಯ. ಗಂಡ ಸ್ನಾನಕ್ಕೆ ಹೋಗಿದ್ದ. ಅವಳು ಟೀ ಸೋಸುತ್ತ ಕೇಳಿದಳು.

"ಅಣ್ಣಾ, ಅವತ್ತು ಇವರು ಗ್ಲೌಸ್ ಯಾಕೆ ಹಾಕಿರ್ಲಿಲ್ಲ?"

ಉದ್ದಣ್ಣ ಬಚ್ಚಲ ಬಾಗಿಲ ಕಡೆ ನೋಡಿದ. "ಹೇಳ್ಬೇಡ ಅಂದಿದ್ದಾನಮ್ಮ."

"ನನಗೆ ಹೇಳ್ಬೇಡ ಅಂತಾನಾ?"

"ನಿನಗೇ." ಅವನು ದನಿ ತಗ್ಗಿಸಿದ. ಅವನ ತಗ್ಗಿದ ದನಿ ಬೀದಿಗೆ ಕೇಳಿಸುವಷ್ಟಿರುತ್ತದೆ. ಪುಣ್ಯಕ್ಕೆ ಬಚ್ಚಲಲ್ಲಿ ನೀರು ಬೀಳುತ್ತಿತ್ತು. "ಹಾಕಿದ್ದ ತಂಗೀ. ಪೆಟ್ಟಿಗೆ ಬಾಗಿಲು ತೆಗೆದ, ಟಾರ್ಚ್ ಬಿಟ್ಟು ನೋಡಿದ. ಟೈಗಳ ತಲೆ ಎಲ್ಲಾ ಒಂದೇ ಸಾಲಲ್ಲಿ ಕೂತಿರುತ್ತಲ್ಲ, ನೀನು ಕೂರಿಸ್ತೀಯಲ್ಲ ಹಾಗೆ. 'ಓ, ಇದು ನಮ್ಮನೆಯವಳದ್ದು' ಅಂದ. ಗ್ಲೌಸ್ ಬಿಚ್ಚಿ ಜೇಬಿಗೆ ಹಾಕ್ಕೊಂಡ. ನಿನ್ನ ಪೆಟ್ಟಿಗೆ ಸಿಕ್ಕಿದಾಗೆಲ್ಲ ಅವನು ಮಾಡೋದೇ ಹಾಗೆ. ಇದರಲ್ಲಿ ಕಣ್ಣು ಮುಚ್ಚಿ ಕೈ ಹಾಕ್ಬಹುದು ಅಂತ ನನ್ನ ಹತ್ರ ಜಂಬ ಬೇರೆ."

ಅವಳು ಒಲೆ ಆರಿಸಿದಳು. ಅದು ಆಗಲೇ ಆರಿತ್ತು. ಮತ್ತೊಮ್ಮೆ ಆರಿಸಿದಳು.

"ಬೇಜಾರು ಮಾಡ್ಕೋಬೇಡಮ್ಮ," ಎಂದ ಉದ್ದಣ್ಣ. ಟೀ ಕುಡಿಯದೆಯೇ ಹೋದ.

ಮರುದಿನ ಕಾರ್ಖಾನೆಯಲ್ಲಿ ಅವಳು ಎಂದಿನಂತೆ ತಂತಿ ಜೋಡಿಸಿದಳು, ಎಂದಿನಂತೆ ಟೈ ಬಿಗಿದಳು. ಒಂದರ ಬಾಲವನ್ನೂ ಕತ್ತರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಮೇಜಿನ ಮುಂದಿನ ಪೆಟ್ಟಿಗೆಗಳು ಕ್ಷೌರ ಕಾಣದ ಮುಖಗಳಂತೆ ನಿಂತಿದ್ದವು. ಸೂಪರ್‌ವೈಸರ್ ಬಂದು ಕಣ್ಣರಳಿಸಿದ.

"ಏನಮ್ಮಾ ಇದು, ಪ್ಯಾನೆಲ್ಲೋ ಮುಳ್ಳುಹಂದಿನೋ?"

"ಚಪ್ಪಟೆಮೂತಿ ಕೊಡಿ, ಕತ್ತರಿಸ್ತೀನಿ."

"ಇಲ್ಲೇ ಇದೆಯಲ್ಲ ಕಟರ್. ಸಂಜೆ ಲಾರಿ ಬರುತ್ತೆ, ಹಟ ಮಾಡೋ ಹೊತ್ತಾ ಇದು?"

"ಈ ಕಟರಿನಲ್ಲಿ ಕತ್ತರಿಸಿದ್ರೆ ಏನಾಗುತ್ತೆ ಅಂತ ತೋರಿಸ್ತೀನಿ. ಕೈ ಕೊಡಿ ಇಲ್ಲಿ."

ಅವಳು ಅವನ ಕೈಗಾಗಿ ನಿಜವಾಗಿಯೂ ಕೈ ಚಾಚಿದ್ದಳು. ಅವನು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. ಅವಳ ಗಂಡನಿಗೆ ಏನಾಗಿದೆಯೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮೇಜಿನವಳು ತನ್ನ ಕಟರನ್ನು ಸದ್ದಿಲ್ಲದೆ ಕೆಳಗಿಟ್ಟಳು. ಉಳಿದಿಬ್ಬರೂ ಇಟ್ಟರು. ಟೀ ಸಮಯಕ್ಕೆ ಮುಂಚೆಯೇ ನಾಳೆರಾಯರು ಒಂದು ಡಬ್ಬಿ ಹಿಡಿದು ಬಂದು, "ಹಿಂದಿನ ಕಪಾಟಿನಲ್ಲೇ ಇತ್ತು ನೋಡಿ, ನನಗೆ ಮರೆತೇಹೋಗಿತ್ತು" ಎಂದು ಹಲ್ಲು ಕಿರಿದರು. ಡಬ್ಬಿಯ ಮೇಲೆ ಧೂಳಿತ್ತು.

ಗೆದ್ದ ಖುಷಿ ಅವಳಿಗಾಗಲಿಲ್ಲ. ಇಷ್ಟು ಸುಲಭದಲ್ಲಿ ಸಿಗುವುದಿತ್ತೇ ಎಂದು ಹೊಟ್ಟೆ ಉರಿದುಹೋಯಿತು. ಹಳೆಯದು ಮುರಿದ ದಿನವೇ ಹೀಗೆ ಕೂತುಬಿಟ್ಟಿದ್ದರೆ? ಬಾಯಿ ನೋಯಿಸಿಕೊಳ್ಳುವುದೇಕೆ ಎಂದು ಸುಮ್ಮನಾಗಿದ್ದಳು, ಅಷ್ಟೇ. ಹೊಸ ಚಪ್ಪಟೆಮೂತಿ ಕೈಗೆ ಒರಟಾಗಿತ್ತು. ಎಲ್ಲ ಬಾಲಗಳನ್ನೂ ಕತ್ತರಿಸಿ, ಸೂಪರ್‌ವೈಸರನ ಎದುರಿಗೇ ಅದನ್ನು ಬುತ್ತಿಚೀಲಕ್ಕೆ ಹಾಕಿಕೊಂಡು, "ಸೋಮವಾರ ತರ್ತೀನಿ" ಎಂದು ಹೊರಟಳು.

ಮನೆಯಲ್ಲಿ ಗಂಡನಿಗೆ ಹೇಳಿದಳು: "ಭಾನುವಾರ ನನ್ನನ್ನ ಆ ಕಟ್ಟಡಕ್ಕೆ ಕರ್ಕೊಂಡು ಹೋಗಿ."

"ಯಾವ ಕಟ್ಟಡ?"

"ನನ್ನ ಪೆಟ್ಟಿಗೆ ಇರೋದು."

ಅವನು ಅವಳತ್ತ ತಿರುಗಿದ. "ಆ ಉದ್ದನ ಬಾಯಿಗೆ ಒಂದು ಬೀಗ ಹಾಕ್ಬೇಕು," ಎಂದ.

ಭಾನುವಾರ ಬೆಳಿಗ್ಗೆ ಅವನು ಆಗಷ್ಟೇ ಬಗ್ಗಿಸಿದ ಟೀ ಲೋಟವನ್ನು ಟವೆಲಿನಲ್ಲಿ ಹಿಡಿದು ಪೇಪರು ಓದುತ್ತಿದ್ದ; ಹೆಬ್ಬೆರಳು ಮಾತ್ರ ಬರಿಯ ಲೋಟಕ್ಕೆ ಒತ್ತಿತ್ತು. ಅತ್ತೆ "ಅಯ್ಯೋ, ಸುಡಲ್ವೇನೋ!" ಎಂದು ಕಿರುಚಿ ಲೋಟ ಕಿತ್ತುಕೊಂಡರು. ಹೆಬ್ಬೆರಳು ಕೆಂಪಗಾಗಿತ್ತು. ಅವನು ಅದನ್ನು ಯಾರದೋ ಬೆರಳಿನಂತೆ ನೋಡಿ, ಮತ್ತೆ ಪೇಪರು ತೆಗೆದುಕೊಂಡ. ಅವಳು ಬಂದು ಅಂಗಿಯ ಗುಂಡಿ ಹಾಕಿದಳು. ಇಬ್ಬರೂ ಹೊರಟರು.

ಕಾವಲುಗಾರ ಅವನನ್ನು ಕಂಡು ಎದ್ದು ನಿಂತು ಕೈಯ ಬಗ್ಗೆ ವಿಚಾರಿಸಿಕೊಂಡ. ಕೊನೆಯ ಮಹಡಿಯವರೆಗೆ ಲಿಫ್ಟಿನಲ್ಲಿ ಹೋದರು. ಕನ್ನಡಿಯಲ್ಲಿ ಇಬ್ಬರ ಮುಖವೂ ಬಾಡಿತ್ತು. ಅಲ್ಲಿಂದ ಮೆಟ್ಟಿಲು ಹತ್ತಿ ಕೋಣೆ ಸೇರಿದರು. ಎಣ್ಣೆ, ಧೂಳು, ಬಿಸಿಯಾದ ಕಬ್ಬಿಣದ ವಾಸನೆ. ಅವನು ಮುಖ್ಯ ಸ್ವಿಚ್ ಕೆಳಗೆಳೆದು, ಪೆಟ್ಟಿಗೆಯ ಬಾಗಿಲು ತೆಗೆದು, ಎಡಗೈಯಲ್ಲಿ ಟಾರ್ಚ್ ಹಿಡಿದ.

ಇಷ್ಟು ವರ್ಷ ತಂತಿ ಜೋಡಿಸಿಯೂ ತನ್ನ ಪೆಟ್ಟಿಗೆ ಕಾರ್ಖಾನೆಯ ಹೊರಗೆ ಎಲ್ಲಿ ಬದುಕುತ್ತದೆ ಎಂದು ಅವಳು ನೋಡಿರಲಿಲ್ಲ. ಟೈಗಳ ತಲೆಗಳು ಒಂದೇ ಸಾಲಿನಲ್ಲಿ ಕುಳಿತಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಓರೆ ತುದಿ. ಒಂದರ ಮೇಲೆ ಕಂದು ಕಲೆ ಒಣಗಿತ್ತು. ಅವಳು ಮೊದಲು ಅದಕ್ಕೇ ಚಪ್ಪಟೆಮೂತಿ ಹಚ್ಚಿದಳು. ಟಕ್ ಎಂದು ಚೂರು ಎಲ್ಲೋ ಹಾರಿತು.

ಎರಡನೆಯ ಸಾಲಿಗೆ ಬಂದಾಗ ಅವನು, ಬಟ್ಟೆ ಸುತ್ತಿರದ ಹೊಸ ಹಿಡಿಯನ್ನು ನೋಡುತ್ತ ಕೇಳಿದ: "ಕಟರ್ ಮುರಿದದ್ದು ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಅಷ್ಟರಲ್ಲಿ ನೀವು ನಿದ್ದೆ ಹೋಗಿದ್ರಿ."

ಟಾರ್ಚಿನ ಬೆಳಕು ಸ್ವಲ್ಪ ಅಲ್ಲಾಡಿ ಮತ್ತೆ ನಿಂತಿತು. ಅವಳು ಕತ್ತರಿಸುತ್ತ ಹೋದಳು. ಭುಜ ನೋಯತೊಡಗಿತು. ಕಣ್ಣು ಮಂಜಾಯಿತು.

"ನನ್ನದೇ ತಪ್ಪು ರೀ. ಓರೆ ಇದೆ ಅಂತ ಗೊತ್ತಿದ್ದೂ ಕಳಿಸಿಬಿಟ್ಟೆ. ಯಾರ ಕೈಗೆ ತಗಲುತ್ತೆ ಅಂತ ಯೋಚನೆನೇ ಮಾಡ್ಲಿಲ್ಲ."

ಅವನು ಟಾರ್ಚಿನ ಬೆಳಕನ್ನು ಮುಂದಿನ ಟೈಗೆ ಸರಿಸಿದ. ಕೆಳಗೆ ಯಾವುದೋ ಮಹಡಿಯಲ್ಲಿ ಯಾರೋ ಲಿಫ್ಟಿಗಾಗಿ ಬಾಗಿಲು ಬಡಿಯುತ್ತಿದ್ದರು.

"ಆ ಕೆಳಗಿನ ಮೂಲೆಯಲ್ಲಿ ಒಂದು ಬಿಟ್ಟಿದ್ದೀಯ ನೋಡು," ಎಂದ.

ಅವಳು ಮಂಡಿಯೂರಿ ಅದನ್ನೂ ಕತ್ತರಿಸಿದಳು. ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಅವನು ಟಾರ್ಚನ್ನು ಅವಳ ಕೈಗೆ ಕೊಟ್ಟ. ಬಲಗೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ಅದನ್ನು ಹಲ್ಲಿನಿಂದ ಕಚ್ಚಿ ಎಳೆದು ಜೇಬಿಗೆ ತುರುಕಿದ. ಬರಿಗೈಯನ್ನು ಪೆಟ್ಟಿಗೆಯೊಳಗೆ ಹಾಕಿ, ಹೆಬ್ಬೆರಳನ್ನು ಮೊದಲ ಟೈಯ ಮೇಲಿಟ್ಟು, ಸಾಲಿನುದ್ದಕ್ಕೂ ನಿಧಾನವಾಗಿ ಕೆಳಗೆಳೆದ.

"ನುಣ್ಣಗಿದೆ," ಎಂದ.

ಆ ಬೆರಳು ಕೊನೆಯ ಟೈಯನ್ನು ಮುಟ್ಟುವವರೆಗೂ ಅವಳು ಟಾರ್ಚನ್ನು ಅಲುಗಿಸದೆ ಹಿಡಿದಿದ್ದಳು.