ನುವಾಲಾಳ ನೀಲಿ ಕಾಗದ

ನುವಾಲಾಳಷ್ಟು ಹಠಮಾರಿ ಹೆಂಗಸನ್ನು ಕಾರ್ಕ್ ಊರಿನಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ, ಒಬ್ಬಳೇ ಸಾಕಾಗಿದ್ದಾಳೆ. ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜು ಅವಳದು. ಚಹಾದ ಹೊತ್ತಿಗೆ ನಾವೆಲ್ಲ ಬೆಣ್ಣೆ ಹಚ್ಚಿದ ಬ್ರೆಡ್ಡು, ಉಪ್ಪು ಹಾಕಿದ ಹಂದಿಮಾಂಸದ ಹ್ಯಾಮು ಮೆಲ್ಲುವಾಗ ಅವಳು ಸೇಬು ಹೆಚ್ಚಿಕೊಂಡು ಕೂರುತ್ತಾಳೆ. ಮಾಂಸ, ಹಾಲು, ಮೊಟ್ಟೆ ಅವಳಿಗೆ ಹುಟ್ಟಿದಾಗಿನಿಂದ ಆಗಿಬರುವುದಿಲ್ಲ. ಪ್ರೋಟೀನಿನಲ್ಲಿರುವ ಫಿನೈಲಲನೀನ್ ಎಂಬ ಅಮೈನೋ ಆಮ್ಲವನ್ನು ಅವಳ ದೇಹ ಅರಗಿಸಲಾರದು. ಅದು ರಕ್ತದಲ್ಲಿ ಏರಿದರೆ ಮಿದುಳಿಗೆ ಕುತ್ತು. ಉಳಿದ ಆಮ್ಲಗಳಿಗಾಗಿ ದಿನಾ ಒಂದು ಪುಡಿ ಕಲಸಿ ಕುಡಿಯಬೇಕು. ಅದರ ವಾಸನೆಗೆ ನಾನು ಕಿಟಕಿ ತೆರೆಯುತ್ತೇನೆ.

ಬೆರಳು ಚುಚ್ಚಿ ಆಸ್ಪತ್ರೆಗೆ ಕಳಿಸಿದ ರಕ್ತದ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಆ ಸಿಟ್ಟಿಗೇ ಅವಳು ಒಂದು ಕಾಗದ ತಯಾರಿಸಿದಳು. ಅದಕ್ಕೆ ಲೇಪಿಸಿದ ರಾಸಾಯನಿಕ ನೇರಳಾತೀತ ದೀಪದಡಿ ನೀಲಿಯಾಗಿ ಬೆಳಗುತ್ತದೆ. ಫಿನೈಲಲನೀನ್ ತಾಗಿದಷ್ಟೂ ಮಂಕಾಗುತ್ತದೆ. ಮೊದಮೊದಲು ಅದು ಕಂಡಕಂಡ ಆಮ್ಲಕ್ಕೆಲ್ಲ ಮಂಕಾಗುತ್ತಿತ್ತು.

"ನನ್ ಮುಖ ಕಂಡ್ರೂ ಮಂಕಾಗುತ್ತಲ್ಲೇ ಇದು!" ಎಂದು ನಾನು ರೇಗಿಸುತ್ತಿದ್ದೆ.

"ಅದು ಮಾತ್ರ ಕಾಗದದ ತಪ್ಪಲ್ಲ ಡೆಕ್ಲನ್" ಎನ್ನುತ್ತಿದ್ದಳು. ವರ್ಷಗಟ್ಟಲೆ ಆ ರಾಸಾಯನಿಕವನ್ನು ತಿದ್ದಿ ತಿದ್ದಿ, ಕೊನೆಗೆ ಅದೊಂದೇ ಆಮ್ಲವನ್ನು ಗುರುತಿಸುವಂತೆ ಪಳಗಿಸಿದಳು. ಅವಳ ಎದುರಿಗೆ ಹೊಗಳಲಿಲ್ಲ, ಆದರೆ ನನಗೆ ಹೆಮ್ಮೆಯೋ ಹೆಮ್ಮೆ.

ಆಮೇಲೆ ಅವಳು ಬಸುರಾದಳು. ಈಗ ಆ ಆಮ್ಲದ ಮಟ್ಟ ಏರಿದರೆ ಒಳಗಿನ ಕೂಸಿನ ಮಿದುಳಿಗೂ ಪೆಟ್ಟು. ಆಸ್ಪತ್ರೆಗೆ ರಕ್ತ ಕಳಿಸುತ್ತಲೇ ಇದ್ದಳು, ಜೊತೆಗೆ ತನ್ನ ಕಾಗದದಲ್ಲೂ ನೋಡಿಕೊಳ್ಳುತ್ತಿದ್ದಳು.

ವಾಂತಿ ಜೋರಾಗಿದ್ದ ಒಂದು ಬೆಳಿಗ್ಗೆ ರಕ್ತದ ತಿಳಿ ಬೇರ್ಪಡಿಸಿ ಒಂದು ಹನಿ ಹಾಕಿದಳು. ಕಾಗದ ಪೂರಾ ಮಂಕಾಯಿತು.

ನಮ್ಮ ಪ್ರಯೋಗಾಲಯದ ಹಿರಿಯ ಕಾಹಲ್ ಬಗ್ಗಿ ನೋಡಿದರು. "ತೇವ ತಗುಲಿರ್ಬೇಕು ಕಣಮ್ಮ. ಎರಡು ದಿನದಿಂದ ನೀನು ಏನೂ ತಿಂದಿಲ್ಲ. ಎಲ್ಲಿಂದ ಬರುತ್ತೆ ಅದು?"

"ಹೌದು ಮಾರಾಯ್ತಿ, ಕಾಗದ ಕೆಟ್ಟಿದೆ ಬಿಡು" ಎಂದೆ ನಾನೂ. ಹಾಗೆ ನಂಬುವುದೇ ಎಲ್ಲರಿಗೂ ಹಿತವಾಗಿತ್ತು.

ನುವಾಲಾ ಇನ್ನೊಂದು ಕಾಗದ ತೆಗೆದು ಬರೀ ನೀರಿನ ಹನಿ ಹಾಕಿದಳು. ಅದು ನೀಲಿಯಾಗಿ ಬೆಳಗಿತು. ಮತ್ತೊಂದಕ್ಕೆ ತನ್ನ ರಕ್ತದ ತಿಳಿ ಹಾಕಿದಳು. ಮಂಕು.

"ಕಾಗದ ಸರಿಯಾಗೇ ಇದೆ" ಎಂದಳು. "ತಿನ್ನದೇ ಇದ್ದದ್ದೇ ತಪ್ಪಾಯ್ತು. ಪುಡೀನೂ ವಾಂತಿ ಆಗ್ತಿತ್ತಲ್ಲ. ಹೊಟ್ಟೆಗೇನೂ ಬೀಳದಿದ್ರೆ ಮೈ ಸುಮ್ನಿರುತ್ತಾ? ತನ್ನ ಮಾಂಸಾನೇ ಕರಗಿಸ್ಕೊಳ್ಳುತ್ತೆ, ಅದ್ರಲ್ಲೂ ಇದೇ ಆಮ್ಲ ಇದೆಯಲ್ಲ. ನನ್ನನ್ನ ನಾನೇ ತಿಂದಿದ್ದೀನಿ ಡೆಕ್ಲನ್. ನಂದೇ ಹ್ಯಾಮು!" ಎಂದಳು.

ಅಮೈನೋ ಆಮ್ಲಗಳಲ್ಲೇ ತಲೆ ನರೆಸಿಕೊಂಡ ಕಾಹಲ್‌ಗೂ ನನಗೂ ಅದು ಹೊಳೆದಿರಲಿಲ್ಲ. ಅವಳು ಆಗಲೇ ಆಸ್ಪತ್ರೆಗೆ ಫೋನು ಹಚ್ಚಿದ್ದಳು. ಅಲ್ಲಿ ದಾಖಲು ಮಾಡಿಕೊಂಡು ವಾಂತಿ ನಿಲ್ಲಿಸಿದರು, ಪುಡಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಅವರ ಪರೀಕ್ಷೆಯೂ ಕಾಗದದ ಮಾತನ್ನೇ ಹೇಳಿತು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ. ಆದರೆ ಕೂಸಿನ ಬಗ್ಗೆ ಯಾರೂ ಗಟ್ಟಿಯಾಗಿ ಏನೂ ಹೇಳಲಿಲ್ಲ. ಬೆಳೆದ ಮೇಲೆಯೇ ತಿಳಿಯಬೇಕಿತ್ತು.

ಮೊನ್ನೆ ಚಹಾದ ಹೊತ್ತಿಗೆ ನುವಾಲಾ ಅದೇ ಕೂಸನ್ನು, ಮಗಳು ನೆಸ್ಸಾಳನ್ನು ಕರೆತಂದಿದ್ದಳು. ಮೂರು ವರ್ಷ ತುಂಬಿದ ಹುಡುಗಿ ನನ್ನ ಮೇಜಿನ ಮೇಲಿನ ಸಾಮಾನಿಗೆಲ್ಲ ಹೆಸರು ಕೇಳಿ ಕೇಳಿ ನನ್ನ ಪ್ರಾಣ ತಿಂದಳು. ಆಮೇಲೆ ನನ್ನ ತಟ್ಟೆಯ ಹ್ಯಾಮಿಗೇ ಕೈ ಹಾಕಿದಳು. ನಾನು ಗಾಬರಿಯಾಗಿ ತಟ್ಟೆ ಎಳೆದುಕೊಂಡೆ.

"ಕೊಡೋ, ಅವಳಿಗೆ ಆಗುತ್ತೆ. ನನ್ನ ಕಾಯಿಲೆ ಅವಳಿಗಿಲ್ಲ" ಎಂದಳು ನುವಾಲಾ.

ಕೊಟ್ಟೆ. ಅವಳು ಸೇಬು ಹೆಚ್ಚುವುದನ್ನು ನಿಲ್ಲಿಸಿ, ಮಗಳು ಅಗಿಯುವುದನ್ನೇ ನೋಡುತ್ತಾ ಕೂತಳು.

"ಹೇಗಿರುತ್ತೆ ಪುಟ್ಟಾ ಅದು?"

ನೆಸ್ಸಾ ಯೋಚಿಸಿದಳು. "ಉಪ್ಪುಪ್ಪು. ಆಮೇಲೆ ಒಂಚೂರು ಸಿಹಿ. ನೀನ್ಯಾಕಮ್ಮ ಯಾವತ್ತೂ ತಿಂದಿಲ್ಲ?"