ಹೊತ್ತರೂ ಇಳಿಸದ ಚಿನ್ನ

ಪಕ್ಷಪಾತವೆಂದರೆ ಮೈಯೆಲ್ಲ ಉರಿಯುವ ಆ ವಿಜ್ಞಾನಿಗೆ ಪ್ರಯೋಗಾಲಯದವರು ‘ನೀತಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಅದು ಗೇಲಿಯೆಂದು ತಿಳಿದೂ ಅವರು ಬಿರುದಿನಂತೆ ಹೊತ್ತು ತಿರುಗುತ್ತಿದ್ದರು.

ಅಂದು ಆಯ್ಕೆಯ ದಿನ. ಬೆಳಕು ಬಿದ್ದಾಗ ಮಾತ್ರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧವೊಂದನ್ನು ಗಡ್ಡೆಯವರೆಗೆ ಹೊತ್ತೊಯ್ಯಲು ಮೂರು ವಾಹನಗಳು ಸಿದ್ಧವಾಗಿದ್ದವು: ಕೊಬ್ಬಿನ ಗುಳ್ಳೆ, ಪಾಲಿಮರ್ ಉಂಡೆ, ಚಿನ್ನದ ಸೂಕ್ಷ್ಮಕಣ. ಮುಂದಿನ ಹಂತಕ್ಕೆ ಹೋಗುವುದು ಒಂದೇ, ಉಳಿದವು ಕಪಾಟಿಗೆ. ಚಿನ್ನದ ಕಣ ಮೇಷ್ಟ್ರ ಸ್ವಂತ ಕೂಸು. ಆಯ್ಕೆ ಮಾಡಬೇಕಾದವರೂ ಅವರೇ. ಆದ್ದರಿಂದಲೇ ಬಾಟಲಿಗಳಿಗೆ ಹೆಸರಿನ ಬದಲು ಬರೀ ಅಂಕಿ ಅಂಟಿಸಬೇಕೆಂಬ ನಿಯಮ ತಂದು, ಅದರ ಪಾವಿತ್ರ್ಯದ ಬಗ್ಗೆ ದೀರ್ಘ ಉಪನ್ಯಾಸವನ್ನೂ ಬಿಗಿದಿದ್ದರು. ಚಿನ್ನದ ಕಣಗಳ ನೀರು ಮಾತ್ರ ದ್ರಾಕ್ಷಾರಸದಂತೆ ಕೆಂಪಗಿರುತ್ತದೆಂಬುದನ್ನು ನಿಯಮ ಮರೆತಿತ್ತು. ಮೇಷ್ಟ್ರು ಮರೆತಿರಲಿಲ್ಲ.

“ಮೂರನೇದೇ ಎಲ್ಲಕ್ಕಿಂತ ಹೆಚ್ಚು ಔಷಧ ಹೊರುತ್ತೆ. ಯಾರದ್ದೋ ಏನೋ, ಶ್ರಮ ಎದ್ದು ಕಾಣುತ್ತೆ,” ಎಂದರು, ಆದಷ್ಟು ನಿರ್ಲಿಪ್ತರಾಗಿ.

“ಯಾರದ್ದೋ ಏನೋ ಅಂತೆ. ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದು ನಕ್ಕರು ಕೋಶಗಳ ಮೇಲೆ ಪರೀಕ್ಷೆ ನಡೆಸಿದ್ದ ಹಿರಿಯ ಸಹೋದ್ಯೋಗಿ, ಎಲ್ಲರಿಗೂ ಅವರು ಅಕ್ಕ. “ಹೊರುತ್ತೆ ಸರಿ, ಇಳಿಸಲ್ಲ. ಬಂದು ನೋಡಿ.”

ಔಷಧಕ್ಕೆ ಹೊರಗಿನ ಬೆಳಕು ತಾಗದಂತೆ ಕಪ್ಪು ಪರದೆ ಎಳೆದ ಕೋಣೆಯಲ್ಲಿ ಮೇಷ್ಟ್ರು ಸೂಕ್ಷ್ಮದರ್ಶಕಕ್ಕೆ ಬಾಗಿದರು. ಗುಳ್ಳೆಯ ತಟ್ಟೆಯಲ್ಲಿ ಕೋಶಗಳು ಸತ್ತು ಸುಕ್ಕಾಗಿದ್ದವು; ಪಾಲಿಮರ್ ತಟ್ಟೆಯಲ್ಲಿ ಅರ್ಧದಷ್ಟು ಮಾತ್ರ. ಚಿನ್ನದ ತಟ್ಟೆಯಲ್ಲಿ ಅವು ನೆಂಟರ ಮನೆಗೆ ಬಂದಂತೆ ಕೊಬ್ಬಿ, ಸಂಸಾರ ಬೆಳೆಸುತ್ತಿದ್ದವು.

“ಔಷಧ ಚಿನ್ನಕ್ಕೆ ಅಂಟ್ಕೊಂಡೇ ಕೂತಿದೆ,” ಎಂದರು ಅಕ್ಕ. “ಬೆಳಕಿನಿಂದ ಪಡೆದ ಶಕ್ತಿನೆಲ್ಲ ಚಿನ್ನವೇ ನುಂಗುತ್ತೆ.”

“ಬೆಳಕು ಸ್ವಲ್ಪ ಕಡಿಮೆಯಾಯಿತೇನೋ ಅಕ್ಕ. ಇನ್ನೊಮ್ಮೆ—”

“ಗುಳ್ಳೆಗೆ ಇದೇ ಬೆಳಕು ಧಾರಾಳ ಅಂತ ಹೋದ ವಾರ ನೀವೇ ಅಂದ್ರಿ.”

ಮೇಷ್ಟ್ರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು. ತಾವು ಜೀವಮಾನವಿಡೀ ದ್ವೇಷಿಸಿದ ಪಕ್ಷಪಾತಿ ಈಗ ತಮ್ಮದೇ ಕನ್ನಡಕ ಹಾಕಿಕೊಂಡು ನಿಂತಿದ್ದ. ಪಾಪಿ, ಮಾತಿನಲ್ಲೂ ಎಷ್ಟು ಸುಸಂಸ್ಕೃತ! ‘ಮರುಪರೀಕ್ಷೆ’ ಎಂದು ಅಪ್ಪಣೆ ಕೊಟ್ಟರೆ ತಡೆಯುವವರಿರಲಿಲ್ಲ. ಆದರೆ ನಾಳೆ ಯಾರೋ ರೋಗಿ ದೀಪದ ಕೆಳಗೆ ನಂಬಿ ಮಲಗುತ್ತಾನೆ; ಅವನೊಳಗೆ ಈ ಕೋಶಗಳು ಹೀಗೆಯೇ ಬೆಳೆಯುತ್ತಿರುತ್ತವೆ.

“ಮೂರನೇದು ನಂದೇ,” ಎಂದರು ತಗ್ಗಿದ ದನಿಯಲ್ಲಿ. “ಮೊದಲ ನೋಟಕ್ಕೇ ಗೊತ್ತಾಗಿತ್ತು. ಮುಂದಿನ ಹಂತಕ್ಕೆ ಗುಳ್ಳೆಯೇ ಹೋಗಲಿ.”

“ನಮಗೂ ಗೊತ್ತಿತ್ತು,” ಎಂದರು ಅಕ್ಕ.

ತ್ಯಾಗದ ಬಗ್ಗೆ ಎರಡು ಮಾತು ಕೇಳಿಬರಬಹುದೆಂದು ಮೇಷ್ಟ್ರು ವಿನಯದಿಂದ ಕೈಕಟ್ಟಿ ಕಾದರು. ಅಕ್ಕ ಆಗಲೇ ಗುಳ್ಳೆಯ ಹೊಸ ತಟ್ಟೆಗಳನ್ನು ಪರೀಕ್ಷೆಯ ದೀಪದ ಕೆಳಗೆ ಜೋಡಿಸಿಕೊಳ್ಳುತ್ತಿದ್ದರು.

“ಸ್ವಲ್ಪ ಸರೀರಿ ಮೇಷ್ಟ್ರೇ,” ಎಂದರು ತಲೆಯೆತ್ತದೆ, “ದೀಪಕ್ಕೆ ಅಡ್ಡ ನಿಂತಿದ್ದೀರಿ.”