ಡೋಲು ಮುಟ್ಟದ ತಿಂಗಳು

ಒಡಾರ್ಲೆಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ನನ್ನಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತು ಕೊಟ್ಟಿದ್ದ: "ನೀನು ಸಿನಿಮಾ ಮಾಡು ಮಗಾ, ಮೊದಲನೇ ಸಿನಿಮಾಕ್ಕೆ ಡೋಲು ಬಾರ್ಸೋನು ನಾನೇ." ಆಗ ನನ್ನ ಮಗಳು ರಟ್ಟಿನ ಡಬ್ಬಿಗೆ ತೂತು ಕೊರೆದು, ಅದನ್ನೇ ಕ್ಯಾಮೆರಾ ಎಂದುಕೊಂಡು ಬುಕೋಮ್ ಓಣಿಯ ಬಾಕ್ಸರುಗಳ ಹಿಂದೆ ಅಲೆಯುತ್ತಿದ್ದಳು.

ಈಗ ಅವಳು ಅಕ್ರಾದ ಸಿನಿಮಾ ಶಾಲೆಯಲ್ಲಿ ಕೊನೆಯ ವರ್ಷ. ಪರೀಕ್ಷೆಗೆ ಮಾಡಿದ ಚಿತ್ರವೂ ಒಬ್ಬ ಬಾಕ್ಸರ್ ಹುಡುಗಿಯದೇ. ಚಿತ್ರೀಕರಣ ಮುಗಿದಿತ್ತು, ಸದ್ದು ಬಾಕಿಯಿತ್ತು, ಸೋಮವಾರ ಒಪ್ಪಿಸಬೇಕಿತ್ತು. ಅವಳೂ ಗೆಳತಿ ಸೆರ್ವಾಳೂ ನಾನು ಮಾರಾಟಕ್ಕೆ ಕೆಂಕೆ ಕಡುಬು ಬೇಯಿಸುವ ಹಿತ್ತಲನ್ನೇ ಸ್ಟುಡಿಯೋ ಮಾಡಿಕೊಂಡರು.

"ಅಮ್ಮಾ, ಇನ್ನೂ ಜೋರಾಗಿ! ಇದು ಮೂಗಿಗೆ ಬೀಳೋ ಏಟು."

ಹುದುಗಿದ ಮೆಕ್ಕೆಜೋಳದ ಹಿಟ್ಟನ್ನು ಎತ್ತಿ ಹಲಗೆಗೆ ಬಡಿದೆ.

"ಹೊಟ್ಟೆಗೆ ಬಿದ್ದ ಹಾಗಿದೆ," ಎಂದಳು ಸೆರ್ವಾ, ಹೆಡ್‌ಫೋನ್ ಒತ್ತಿಕೊಂಡು. "ಆಂಟಿ, ಯಾರ ಮೇಲಾದ್ರೂ ಸಿಟ್ಟಿದ್ರೆ ನೆನೆಸ್ಕೊಳ್ಳಿ."

"ನಿಮ್ಮಿಬ್ಬರನ್ನೇ ನೆನೆಸ್ಕೋತೀನಿ ಕಣ್ರೇ. ವ್ಯಾಪಾರದ ಹಿಟ್ಟಿದು!"

ಈ ಸಲ ಇಬ್ಬರೂ ಕುಣಿದಾಡಿದರು. ಮೂಗು ಮುರಿದಿತ್ತು.

ಹೆಜ್ಜೆಯ ಸದ್ದಿಗೆ ತಟ್ಟೆಯಲ್ಲಿ ಒಣ ಗೆಣಸಿನ ತರಿ ತುಳಿದರು. ಜನಜಂಗುಳಿಯ ಕೂಗಾಟಕ್ಕೆ ಪಕ್ಕದ ಮನೆಯ ಹೆಂಗಸರನ್ನು ಕರೆದರು. ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಉಳಿದದ್ದು ಹುಡುಗಿ ರಿಂಗಿಗೆ ನಡೆದು ಬರುವಾಗಿನ ಡೋಲು. ಅದಿಲ್ಲದೆ ಅವಳು ನಲ್ಲಿ ನೀರಿಗೆ ಹೊರಟವಳಂತೆ ಕಾಣುತ್ತಿದ್ದಳು.

ಈ ಕೆಲಸಕ್ಕೆಂದೇ ಅಪ್ಪ ಡೋಲಿಗೆ ಹೊಸ ಚರ್ಮ ಕಟ್ಟಿಸಿದ್ದ. "ಒಣಗಲಿ, ಇನ್ನೂ ಒಣಗಲಿ" ಎನ್ನುತ್ತಿರುವಾಗಲೇ ಪೂಜಾರಿಗಳು ಹಬ್ಬದ ಜೋಳ ಬಿತ್ತಿಬಿಟ್ಟರು. ಬಿತ್ತಿದ ಮೇಲೆ ಒಂದು ತಿಂಗಳು ನಮ್ಮ ಗಾ ಜನರ ಊರುಗಳಲ್ಲಿ ಯಾರೂ ಡೋಲು ಮುಟ್ಟುವಂತಿಲ್ಲ. ಪೈರು ಮೌನದಲ್ಲಿ ಏಳಬೇಕು.

"ನಿಂಗೆ ಹೇಗಜ್ಜಾ ಮರೀತು?" ಎಂದಳು ಒಡಾರ್ಲೆ.

"ಪ್ರತಿ ವರ್ಷ ಊರಿಗೆಲ್ಲ ನೆನಪು ಮಾಡೋನು ನಾನು. ನನಗೆ ನೆನಪು ಮಾಡೋರು ಯಾರೂ ಇರ್ಲಿಲ್ಲ ಕಣೇ."

ಸೆರ್ವಾ ಮುಂದೆ ಬಂದಳು. "ನಮ್ಮ ಕುಮಾಸಿಗೆ ಬನ್ನಿ ಅಜ್ಜಾ. ನಮ್ಮಲ್ಲಿ ಈ ಕಟ್ಟುಪಾಡಿಲ್ಲ. ಡೋಲು ಬಾರಿಸಿ, ನಮ್ಮಮ್ಮನ ಕೈಯ ಫುಫು ತಿಂದು ಬಸ್ಸು ಹತ್ತಬಹುದು."

ಅಪ್ಪ ಫುಫುವಿನ ಬಗ್ಗೆ ಗಂಭೀರವಾಗಿ ಯೋಚಿಸಿದ. "ತಿನ್ನೋಕೆ ಬರ್ತೀನಿ. ಬಾರ್ಸಲ್ಲ. ಸುಮ್ಮನಿರ್ತೀನಿ ಅಂದಿರೋದು ಈ ಕೈ, ತಾಯಿ. ಕುಮಾಸಿಗೆ ಹೋದ್ರೆ ಬೇರೆ ಕೈ ಬರುತ್ತಾ?"

ಒಡಾರ್ಲೆ ಕಂಪ್ಯೂಟರಿನ ಡೋಲು ಕೇಳಿಸಿದಳು.

"ಯಾರೋ ಬಕೆಟ್ ತೊಳೀತಿದಾರೆ," ಎಂದ ಅಪ್ಪ.

"ಹಾಗಾದ್ರೆ ಸೋಮವಾರ ನಾನೇನು ಕೊಡ್ಲಿ? ನೀನೇ ಹೇಳು!" ಎಂದವಳು ಮುಖ ತಿರುಗಿಸಿ ಕೂತುಬಿಟ್ಟಳು.

ಅಪ್ಪನ ಮುಖ ಸಣ್ಣದಾಯಿತು. "ಎಲ್ಲಿ, ಆ ಹುಡುಗಿ ಹೇಗೆ ಬರ್ತಾಳೆ ತೋರ್ಸು," ಎಂದು ಅವಳ ಪಕ್ಕ ಕುಕ್ಕರಿಸಿದ. ಪರದೆಯ ಮೇಲೆ ಹುಡುಗಿ ನಡೆದಳು. ನೋಡುತ್ತ ನೋಡುತ್ತ ಅಪ್ಪನ ತುಟಿ ತಂತಾನೇ ಆಡತೊಡಗಿತು: "ಕ್ಪಾ... ಕ್ಪಾ ಕ್ಪಾ... ತಿನ್!" ಶಿಷ್ಯರಿಗೆ ಪಾಠ ಹೇಳುವುದೂ ಹೀಗೆಯೇ; ಪೆಟ್ಟು ಬಾಯಲ್ಲಿ ಬಂದ ಮೇಲೆ ಚರ್ಮ ಮುಟ್ಟಬೇಕು. ಮುಂದಿನ ಹಲ್ಲು ಹೋದ ಜಾಗದಿಂದ ಒಂದೊಂದು ಪೆಟ್ಟಿಗೂ ಸಣ್ಣ ಸಿಳ್ಳೆ ಬರುತ್ತಿತ್ತು.

ಒಡಾರ್ಲೆ ಮೆಲ್ಲಗೆ ಈ ಕಡೆ ತಿರುಗಿದಳು. "ಅಜ್ಜಾ, ಇನ್ನೊಂದ್ಸಲ."

"ಇದಾ? ಇದು ಪಾಠ ಕಣೇ, ಡೋಲಲ್ಲ."

"ಬಾಯಿಗೂ ನಿಷೇಧ ಇದೆಯಾ?"

"ಬಾಯಿಗೆ ಇದ್ದಿದ್ರೆ ನಿಮ್ಮಮ್ಮ ಇಡೀ ತಿಂಗಳು ಮಾತಿಲ್ಲದೆ ಸಾಯ್ತಿದ್ಲು."

ಹೊರಗಿನ ಸದ್ದು ನುಗ್ಗದಿರಲೆಂದು ಅಪ್ಪನನ್ನು ನನ್ನ ಬಟ್ಟೆಯ ಬೀರುವಿಗೆ ತುರುಕಿ, ಮೈಕು ಕೊಟ್ಟರು. ಬೆವರಿ ತೊಯ್ದು ಹೊರಬಂದವನು, "ಸಿಳ್ಳೆ ತೆಗೆದ್ಬಿಡು," ಎಂದ.

"ಮುಟ್ಟಿದ್ರೆ ಜೋಕೆ," ಎಂದಳು ಮೊಮ್ಮಗಳು, ಸೆರ್ವಾಳತ್ತ ತಿರುಗಿ. "ಅದೇ ನಂಗೆ ಬೇಕಾಗಿರೋದು."

ಶಾಲೆಯ ಸಭಾಂಗಣದಲ್ಲಿ ಚಿತ್ರ ತೋರಿಸಿದ ದಿನ ಹುಡುಗಿ ಮುದುಕನೊಬ್ಬನ ನಾಲಿಗೆಯ, ಗಂಟಲಿನ, ಏದುಸಿರಿನ ಲಯಕ್ಕೆ ರಿಂಗಿಗೆ ನಡೆದು ಬಂದಳು. ಈಗ ಅವಳನ್ನು ನೋಡಿದರೆ ಯಾರೂ ನಲ್ಲಿ ನೀರಿನ ಮಾತೆತ್ತುವಂತಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಕಾಲುಗಳು ತಾಳ ಹಾಕಿದವು. ಅಪ್ಪ ಪಕ್ಕದಲ್ಲಿ ಕುಳಿತವರಿಗೆಲ್ಲ, "ನಾನೇ, ಅದು ನಾನೇ," ಎನ್ನುತ್ತಿದ್ದ.

ಒಡಾರ್ಲೆ ಪಾಸಾದಳು. ಅವಳ ಮೊದಲನೇ ಸಿನಿಮಾಕ್ಕೆ ಅಪ್ಪ ಡೋಲು ಬಾರಿಸಲಿಲ್ಲ. ಕೊಟ್ಟ ಮಾತು ತಪ್ಪಿತು.